ಪಿಎಚ್ ಸರಿಯಿದೆ, ರೋಗಿ ಸರಿಯಿಲ್ಲ

ತೀವ್ರ ನಿಗಾ ಘಟಕದಲ್ಲಿ ಅಪಧಮನಿಯ ರಕ್ತದ ವರದಿ ಕೈಗೆ ಬಂದೊಡನೆ ಕಿರಿಯ ವೈದ್ಯರ ಕಣ್ಣು ಮೊದಲು ರಕ್ತ ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂದು ಹೇಳುವ ಪಿಎಚ್ ಮೇಲೆ ಬೀಳುತ್ತದೆ. ಅದು 7.35ರಿಂದ 7.45ರ ಒಳಗಿದ್ದರೆ ನಿರಾಳರಾಗಿ ವರದಿಯನ್ನು ಪಕ್ಕಕ್ಕಿಡುತ್ತಾರೆ. ನನಗೆ ಅನೇಕ ಸಲ ಆತಂಕ ಶುರುವಾಗುವುದು ಅಲ್ಲಿಂದಲೇ.

ಹೊಟ್ಟೆಯುರಿಗೆ ಜನ ಹೇಳುವ 'ಅಸಿಡಿಟಿ'ಗೂ ಈ ಮಾತಿಗೂ ಸಂಬಂಧವಿಲ್ಲ. ಇಲ್ಲಿನ ವಿಷಯ ರಕ್ತದಲ್ಲಿರುವ ಹೈಡ್ರೋಜನ್ ಅಯಾನುಗಳದ್ದು. ಲೀಟರಿಗೆ ಸುಮಾರು 40 ನ್ಯಾನೊಮೋಲ್‌ನಷ್ಟೇ ಇರುವ ಇವು ತುಸು ಹೆಚ್ಚುಕಡಿಮೆಯಾದರೂ ಕಿಣ್ವಗಳ ಕೆಲಸ, ಹೃದಯದ ಬಡಿತ, ಪೊಟ್ಯಾಸಿಯಂ ಮಟ್ಟ ಎಲ್ಲವೂ ಏರುಪೇರಾಗುತ್ತವೆ. ದೇಹ ದಿನವೊಂದಕ್ಕೆ ಸುಮಾರು 15,000 ಮಿಲಿಮೋಲ್ ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸುತ್ತದೆ. ಅದನ್ನು ಶ್ವಾಸಕೋಶ ಹೊರಹಾಕುತ್ತದೆ. ಪ್ರೋಟೀನುಗಳು ಒಡೆಯುವಾಗ ಹುಟ್ಟುವ, ಉಸಿರಿನಲ್ಲಿ ಹೋಗದ ಆಮ್ಲಗಳು ದೇಹತೂಕದ ಕಿಲೋಗೆ ಸುಮಾರು ಒಂದು ಮಿಲಿಮೋಲ್‌ನಷ್ಟು ಮಾತ್ರ. ಅವುಗಳ ಹೊಣೆ ಮೂತ್ರಪಿಂಡದ್ದು. ಶ್ವಾಸಕೋಶ ನಿಮಿಷಗಳಲ್ಲಿ ಸ್ಪಂದಿಸಿದರೆ, ಮೂತ್ರಪಿಂಡ ಪೂರ್ತಿಯಾಗಿ ಸ್ಪಂದಿಸಲು ಮೂರರಿಂದ ಐದು ದಿನ ಬೇಕು.

ಪಿಎಚ್ ಅನ್ನು ನಿರ್ಧರಿಸುವುದು ಆಮ್ಲವನ್ನು ತಟಸ್ಥಗೊಳಿಸುವ ಬೈಕಾರ್ಬನೇಟ್ ಮತ್ತು ರಕ್ತದಲ್ಲಿ ಕರಗಿ ಆಮ್ಲವಾಗುವ ಇಂಗಾಲದ ಡೈಆಕ್ಸೈಡ್‌ಗಳ ಅನುಪಾತ, ಅವುಗಳ ಪ್ರಮಾಣವಲ್ಲ. ಎರಡೂ ಅರ್ಧಕ್ಕೆ ಕುಸಿದರೂ ಅನುಪಾತ ಇಪ್ಪತ್ತಕ್ಕೆ ಒಂದಾಗಿಯೇ ಉಳಿದರೆ ಪಿಎಚ್ 7.40 ಎಂದೇ ತೋರಿಸುತ್ತದೆ. ಅದಕ್ಕಿಂತ ಕಪಟವಾದದ್ದು ಮೂರೂ ಅಂಕಿಗಳು ಸಹಜವಾಗಿ ಕಾಣುವ ಸ್ಥಿತಿ. ಮೂತ್ರಪಿಂಡ ಸೋತು, ಜೊತೆಗೆ ದಿನಗಟ್ಟಲೆ ವಾಂತಿಯಾಗಿರುವ ರೋಗಿಯೊಬ್ಬರ ಪಿಎಚ್ 7.40, ಇಂಗಾಲದ ಡೈಆಕ್ಸೈಡ್ ಒತ್ತಡ 40, ಬೈಕಾರ್ಬನೇಟ್ 24 ಇದೆ ಎಂದುಕೊಳ್ಳೋಣ. ಸೋಡಿಯಂ 140, ಕ್ಲೋರೈಡ್ 90 ಇದ್ದರೆ, ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟನ್ನು ಕಳೆದಾಗ ಸಿಗುವ, ಲೆಕ್ಕಕ್ಕೆ ಸಿಗದ ಆಮ್ಲಗಳ ಸುಳಿವು ಕೊಡುವ 'ಅನಯಾನ್ ಗ್ಯಾಪ್' 26 ಆಗುತ್ತದೆ. ಇರಬೇಕಾದದ್ದು ಸುಮಾರು 12. ಮೂತ್ರಪಿಂಡ ಹೊರಹಾಕದೆ ಬಿಟ್ಟ ಆಮ್ಲಗಳು, ಹೊಟ್ಟೆಯ ಆಮ್ಲ ವಾಂತಿಯಲ್ಲಿ ಹೋದದ್ದರಿಂದ ಏರಿದ್ದ ಬೈಕಾರ್ಬನೇಟನ್ನು ಕಬಳಿಸಿ ಮತ್ತೆ 24ಕ್ಕೆ ತಂದು ನಿಲ್ಲಿಸಿವೆ. ಎರಡು ಗಂಭೀರ ತೊಂದರೆಗಳು ಒಂದನ್ನೊಂದು ಮರೆಮಾಡಿವೆಯೇ ಹೊರತು ಯಾವುದೂ ವಾಸಿಯಾಗಿಲ್ಲ. ರಕ್ತದ ಪ್ರೋಟೀನಾದ ಅಲ್ಬುಮಿನ್ ಕಡಿಮೆಯಿರುವವರಲ್ಲಿ ಈ ಗ್ಯಾಪ್ ಕೂಡ ಸುಳ್ಳಾಗಿ ಕುಗ್ಗುವುದರಿಂದ, ಡೆಸಿಲೀಟರಿಗೆ ಒಂದು ಗ್ರಾಂ ಕೊರತೆಗೆ ಸುಮಾರು 2.5ರಂತೆ ಕೂಡಿಸಿಯೇ ಲೆಕ್ಕ ಹಾಕಬೇಕು.

ಒಂದೇ ಅಂಕಿಯನ್ನು ನಂಬಿದ್ದರ ಬೆಲೆ ಎಷ್ಟೆಂಬುದನ್ನು 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗು ತೋರಿಸಿಕೊಟ್ಟಿತು. ಸಾಯುತ್ತಿದ್ದ ರೋಗಿಗಳ ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಪ್ರಮಾಣ ತುಂಬಾ ಹೆಚ್ಚಿತ್ತು. ಅದು ಬಹುಪಾಲು ಬೈಕಾರ್ಬನೇಟ್ ಆಗಿರುವುದರಿಂದ, ರಕ್ತ ಕ್ಷಾರೀಯವಾಗಿದೆ ಎಂದು ವೈದ್ಯರು ಭಾವಿಸಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದು ಉಸಿರಾಟ ಸೋತದ್ದರಿಂದಾದ ಆಮ್ಲೀಯತೆ ಎಂದು ಗುರುತಿಸಿ, ಕೊರಳಿನಲ್ಲಿ ಕೊಳವೆ ಇರಿಸಿ ಕೈಯಿಂದ ಚೀಲ ಒತ್ತಿ ಉಸಿರು ಕೊಡಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಹಗಲಿರುಳು ಸರದಿಯ ಮೇಲೆ ಆ ಚೀಲ ಒತ್ತಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು.

ನಮ್ಮ ಘಟಕದಲ್ಲಿ ನಾನು ಪದೇ ಪದೇ ಎಚ್ಚರಿಸುವುದು ಸಕ್ಕರೆ ಕಾಯಿಲೆಯಲ್ಲಿ ಕೀಟೋ ಆಮ್ಲ ಏರಿದವರ ಬಗ್ಗೆ. ಬೈಕಾರ್ಬನೇಟ್ 8ಕ್ಕೆ ಇಳಿದಾಗ, ಅದರ ಒಂದೂವರೆ ಪಟ್ಟಿಗೆ ಎಂಟು ಕೂಡಿಸಿದರೆ ಬರುವ 20ರ ಆಸುಪಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ ಇರಬೇಕು; ರೋಗಿ ಆಳವಾಗಿ, ವೇಗವಾಗಿ ಉಸಿರಾಡುವುದು ಅದಕ್ಕಾಗಿಯೇ. ಆಗ ಪಿಎಚ್ 7.22ರಲ್ಲಾದರೂ ನಿಲ್ಲುತ್ತದೆ. ಅದೇ ರೋಗಿಯಲ್ಲಿ ಒತ್ತಡ 'ಸಹಜ'ವಾದ 40 ಎಂದು ಕಂಡರೆ ಅದು ಚೇತರಿಕೆಯಲ್ಲ, ಉಸಿರಾಟದ ಸ್ನಾಯುಗಳು ಬಳಲಿ ಕೈಚೆಲ್ಲುತ್ತಿರುವ ಸೂಚನೆ. ಇಂಥವರಿಗೆ ನಿದ್ರೆಯ ಮದ್ದು ಕೊಟ್ಟು, ವೆಂಟಿಲೇಟರನ್ನು ಎಲ್ಲರಿಗೂ ಇಡುವಂತೆ ನಿಮಿಷಕ್ಕೆ ಹನ್ನೆರಡು ಉಸಿರಿಗೆ ಇಟ್ಟರೆ, ಒತ್ತಡ 40ಕ್ಕೇರಿ ಪಿಎಚ್ 6.92ಕ್ಕೆ ಕುಸಿಯುತ್ತದೆ, ಹೃದಯ ನಿಂತುಹೋಗಬಹುದು. ಆದ್ದರಿಂದ ಕೊಳವೆ ಹಾಕುವ ಮುನ್ನವೇ ರೋಗಿ ನಿಮಿಷಕ್ಕೆ ಎಷ್ಟು ಉಸಿರು ತೆಗೆದುಕೊಳ್ಳುತ್ತಿದ್ದರೆಂದು ಎಣಿಸಿ ಬರೆದಿಡಿ, ಯಂತ್ರವನ್ನು ಅದಕ್ಕೆ ಸರಿಸಮನಾಗಿ ಹೊಂದಿಸಿ, ಅರ್ಧ ಗಂಟೆಯೊಳಗೆ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿ.