ಮೆನು ಟಿವಿಗೆ ಕ್ಲೌಡ್ ಫೋಲ್ಡರ್ ಸಾಕು, ಆದರೆ ವಿಡಿಯೋ ಓಡಬೇಕಾದ್ದು ಅಲ್ಲಿಂದಲ್ಲ

ದರ್ಶಿನಿಯ ಗೋಡೆ ಮೇಲೆ ಮೆನು ತೋರಿಸುವ ಟಿವಿ ಇರುತ್ತದಲ್ಲ, ಅದಕ್ಕೆ ದೊಡ್ಡ ಸರ್ವರ್ ಬೇಕು, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ. ಗೂಗಲ್ ಡ್ರೈವ್ ಪುಕ್ಕಟೆ ಕೊಡುವ 15 ಜಿಬಿ ಧಾರಾಳವಾಯಿತು (ಜಿಮೇಲ್, ಫೋಟೋಗಳಿಗೂ ಅದರಲ್ಲೇ ಪಾಲು ಹೋಗುತ್ತದೆ, ನೆನಪಿರಲಿ). ಡ್ರಾಪ್‌ಬಾಕ್ಸ್‌ನ 2 ಜಿಬಿಯಲ್ಲೂ ಸಣ್ಣ ಅಂಗಡಿಯ ಕೆಲಸ ನಡೆಯುತ್ತದೆ.

ಆದರೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿದೆ. ವಿಡಿಯೋ ಕ್ಲೌಡ್‌ನಲ್ಲಿದೆ, ಟಿವಿ ಅದನ್ನು ಅಲ್ಲಿಂದಲೇ ಓಡಿಸುತ್ತದೆ ಅನ್ನುವುದು. ಲೆಕ್ಕ ಹಾಕೋಣ. ಸೆಕೆಂಡಿಗೆ 8 ಮೆಗಾಬಿಟ್‌ನಂತೆ 30 ಸೆಕೆಂಡಿನ ವಿಡಿಯೋ ಅಂದರೆ 30 ಎಂಬಿ. ಅದನ್ನೇ ಪ್ರತಿ ಸಲವೂ ನೆಟ್‌ನಿಂದ ಎಳೆದು 12 ಗಂಟೆ ಓಡಿಸಿದರೆ ದಿನಕ್ಕೆ ಸುಮಾರು 43 ಜಿಬಿ! ಒಂದೇ ಸಲ ಇಳಿಸಿಕೊಂಡು, ಟಿವಿಗೆ ಸಿಕ್ಕಿಸಿದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಡಬ್ಬಿಯ ಮೆಮೊರಿ ಕಾರ್ಡಿನಿಂದ ಓಡಿಸಿದರೆ 30 ಎಂಬಿ, ಅಷ್ಟೇ. ಅಕ್ಕಿಯನ್ನು ಮೂಟೆಯಲ್ಲಿ ತಂದು ಮನೆಯಲ್ಲಿಟ್ಟುಕೊಳ್ಳುತ್ತೇವೆ, ಹಸಿವಾದಾಗಲೆಲ್ಲ ಅಂಗಡಿಗೆ ಓಡುವುದಿಲ್ಲ, ಅಲ್ವಾ?

ಶೇರ್ ಲಿಂಕನ್ನು ಸುಮ್ನೆ ಸೈನೇಜ್ ಸಾಫ್ಟ್‌ವೇರ್‌ಗೆ (ಟಿವಿಯಲ್ಲಿ ಮೆನು ಓಡಿಸುವ ಸಾಫ್ಟ್‌ವೇರ್) ಅಂಟಿಸುವುದೂ ಇದೇ ತಪ್ಪು. ಆ ಲಿಂಕ್ ಸಾಮಾನ್ಯವಾಗಿ ತೆರೆಯುವುದು ಫೈಲ್ ತೋರಿಸುವ ಒಂದು ಪುಟವನ್ನು, ಫೈಲನ್ನಲ್ಲ. ಈ ಕಂಪನಿಗಳಿಗೂ ವೆಬ್ ಸರ್ವರ್ ಆಗುವುದು ಬೇಡ. ಡ್ರೈವ್‌ನಿಂದ ವೆಬ್ ಪುಟ ಬಡಿಸುವ ಸೌಲಭ್ಯವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಡ್ರಾಪ್‌ಬಾಕ್ಸ್ ತನ್ನ ಪಬ್ಲಿಕ್ ಫೋಲ್ಡರನ್ನು 2017ರಲ್ಲಿ ಮುಚ್ಚಿತು.

ಹಾಗಾದರೆ ಕ್ಲೌಡ್‌ಗೆ ಏನು ಕೆಲಸ? ಏನು ಬದಲಾಯಿತು ಅಂತ ಹೇಳುವುದು. ನನಗೆ ತುಂಬಾ ಖುಷಿ ಕೊಡುವ ಭಾಗ ಇದು. ಡ್ರಾಪ್‌ಬಾಕ್ಸ್ ಫೈಲನ್ನು 4 ಎಂಬಿಯ ತುಂಡುಗಳಾಗಿ ಕತ್ತರಿಸುತ್ತದೆ, ಪ್ರತಿ ತುಂಡಿಗೂ ಎಸ್‌ಎಚ್‌ಎ-256 ವಿಧಾನದಲ್ಲಿ ಹ್ಯಾಷ್ (ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಪುಟ್ಟ ಗುರುತು) ತೆಗೆಯುತ್ತದೆ, ಅವನ್ನೆಲ್ಲ ಸಾಲಾಗಿ ಜೋಡಿಸಿ ಮತ್ತೊಮ್ಮೆ ಹ್ಯಾಷ್ ತೆಗೆಯುತ್ತದೆ. ಫೈಲ್ 30 ಎಂಬಿ ಇರಲಿ, 3 ಜಿಬಿ ಇರಲಿ, ಕೊನೆಗೆ ಸಿಗುವುದು ಬರೀ 32 ಬೈಟ್. ಫೈಲಿನಲ್ಲಿ ಒಂದೇ ಒಂದು ಬೈಟ್ ಬದಲಾದರೂ ಆ 32 ಬೈಟ್ ಪೂರ್ತಿ ಬೇರೆಯಾಗುತ್ತದೆ. ಕ್ಲೌಡ್‌ನಲ್ಲೂ ಟಿವಿಯ ಡಬ್ಬಿಯಲ್ಲೂ ಹ್ಯಾಷ್ ಒಂದೇ ಇದ್ದರೆ ಫೈಲನ್ನು ಮುಟ್ಟುವುದೇ ಬೇಡ.

ಆದರೆ ಫೈಲಿನ ಶುರುವಿನಲ್ಲಿ ಒಂದು ಬೈಟ್ ಹೊಸದಾಗಿ ಸೇರಿದರೆ? ಎಲ್ಲ ತುಂಡುಗಳೂ ಒಂದು ಬೈಟ್ ಮುಂದೆ ಸರಿಯುತ್ತವೆ, ಎಲ್ಲ ಹ್ಯಾಷ್‌ಗಳೂ ಕೆಡುತ್ತವೆ. ಇದಕ್ಕೆ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕರಸ್ 1996ರಲ್ಲೇ ಉತ್ತರ ಕಂಡುಕೊಂಡಿದ್ದರು. ಫೈಲಿನಲ್ಲಿ ಬದಲಾದ ಭಾಗವನ್ನಷ್ಟೇ ಕಳಿಸುವ ಅವರ ಆರ್‌ಸಿಂಕ್ ಪ್ರೋಗ್ರಾಮ್ ಹುಟ್ಟಿದ್ದೇ ನಿಧಾನದ ಸಂಪರ್ಕಕ್ಕಾಗಿ. ಹಳೇ ಫೈಲಿನ ತುಂಡುಗಳನ್ನು ಹೊಸ ಫೈಲಿನಲ್ಲಿ ಒಂದೊಂದೇ ಬೈಟ್ ಸರಿಯುತ್ತಾ ಹುಡುಕಬೇಕು. ಪ್ರತಿ ಹೆಜ್ಜೆಗೂ ಮೊದಲಿನಿಂದ ಲೆಕ್ಕ ಹಾಕಿದರೆ ಮುಗಿಯುವ ಕೆಲಸವಲ್ಲ. ಅದಕ್ಕೆ ಹಿಂದೆ ಬಿಟ್ಟುಹೋದ ಬೈಟಿನ ಪಾಲನ್ನು ಕಳೆದು, ಮುಂದೆ ಸೇರಿದ ಬೈಟಿನ ಪಾಲನ್ನು ಕೂಡುವ ಒಂದು ಹಗುರ ಮೊತ್ತ ಇಟ್ಟುಕೊಂಡರು. ಆ ಮೊತ್ತ ಹೊಂದಿದ ಕಡೆ ಮಾತ್ರ ಗಟ್ಟಿ ಹ್ಯಾಷ್‌ನಿಂದ ಖಾತ್ರಿ ಮಾಡಿಕೊಳ್ಳುತ್ತದೆ. ಎಷ್ಟು ಚೆಂದದ ಯೋಚನೆ!

ಆದರೂ ವಿಡಿಯೋ ವಿಷಯದಲ್ಲಿ ಇದರಿಂದ ಲಾಭ ಕಡಿಮೆ. ಕಾಫಿ ರೇಟು ಬದಲಾಯಿಸಿ ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡಿದರೆ, ಅಂದರೆ ಕುಗ್ಗಿಸಿ ಹೊಸ ಫೈಲ್ ಮಾಡಿದರೆ, ಹೆಚ್ಚುಕಡಿಮೆ ಎಲ್ಲ ಬೈಟ್‌ಗಳೂ ಬದಲಾಗುತ್ತವೆ. ಹಾಗಾಗಿ ರೇಟಿನ ಪಟ್ಟಿಯನ್ನು ಬೇರೆ ಚಿತ್ರವಾಗಿಯೇ ಇಡಿ. ಕೆಲವು ನೂರು ಕೆಬಿಯಲ್ಲಿ ಕೆಲಸ ಮುಗಿಯುತ್ತದೆ.

ಸಾಫ್ಟ್‌ವೇರ್ ಆರಿಸುವಾಗ ಅರ್ಧ ಇಳಿದ ಫೈಲನ್ನು ಅದು ಪರದೆಗೆ ತರುತ್ತದಾ ಅಂತ ನೋಡಿ. ಒಳ್ಳೆಯದು ಫೈಲನ್ನು ಬೇರೆ ಹೆಸರಲ್ಲಿ ಇಳಿಸಿಕೊಂಡು, ಪೂರ್ತಿ ಬಂದ ಮೇಲೆ ಸರಿಯಾದ ಹೆಸರಿಗೆ ಬದಲಾಯಿಸುತ್ತದೆ. ನೆಟ್ ಕೈಕೊಟ್ಟರೂ ಹಳೇ ಮೆನು ಓಡುತ್ತಲೇ ಇರುತ್ತದೆ.

ಸಿಂಕ್ (ಎಲ್ಲ ಕಡೆಯ ಫೈಲುಗಳನ್ನೂ ಒಂದೇ ಥರ ಇಡುವುದು) ಅಂದರೆ ಬ್ಯಾಕಪ್ ಅಂತ ಮಾತ್ರ ದಯವಿಟ್ಟು ನಂಬಬೇಡಿ. ಮೊಬೈಲ್‌ನಲ್ಲಿ ಅಳಿಸಿದ ಫೈಲ್ ಟಿವಿಯಿಂದಲೂ ಹೋಗುತ್ತದೆ. ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು ಉಳಿಯುವುದು 30 ದಿನ. ಇನ್ನು ನಿಮ್ಮ ಸ್ವಂತ ಖಾತೆಯನ್ನು ಅಂಗಡಿಯ ಡಬ್ಬಿಯಲ್ಲಿ ಲಾಗಿನ್ ಮಾಡಿ ಬಿಡಬೇಡಿ, ಆ ಡಬ್ಬಿ ಕಳುವಾದರೆ ಮನೆಯ ಫೋಟೋ, ಬ್ಯಾಂಕಿನ ಕಾಗದ ಎಲ್ಲ ಅದರ ಜೊತೆಗೇ ಹೋದಂತೆ. ಟಿವಿಗೆ ಅಂತಲೇ ಬೇರೆ ಖಾತೆ ತೆರೆಯಿರಿ. ಮೆನು ಫೋಲ್ಡರ್ ಒಂದನ್ನೇ ಅದರ ಜೊತೆ ಹಂಚಿಕೊಳ್ಳಿ, ಅದೂ ಓದಲು ಮಾತ್ರ ಬರುವ ಹಾಗೆ.