ಪದ ಪರಿಚಯ: ಡೊಮೆಸ್ಟಿಸಿಟಿ

ಇಂಗ್ಲಿಷ್ ಕಾದಂಬರಿ, ಸಿನಿಮಾ ವಿಮರ್ಶೆ, ಪತ್ರಿಕೆಗಳ ವಾರದ ಪುರವಣಿ ಓದುವವರಿಗೆ ಈ ಪದ ಆಗಾಗ ಸಿಗುತ್ತದೆ. ನಿಘಂಟು ತೆಗೆದರೆ ‘ಗೃಹಜೀವನ’, ‘ಮನೆವಾಳಿಕೆ’ ಅನ್ನುವಂಥ ಅರ್ಥ ಕಾಣುತ್ತದೆ. ತಪ್ಪೇನಿಲ್ಲ. ಆದರೆ ಅದನ್ನು ಎತ್ತಿ ವಾಕ್ಯದೊಳಗೆ ಇಟ್ಟರೆ ಏನೋ ಸಪ್ಪೆ ಅನ್ನಿಸುತ್ತದೆ. ಯಾಕೆ ಅಂತ ನೋಡೋಣ.

ವರ್ಷಗಟ್ಟಲೆ ಊರೂರು ಸುತ್ತಿ ಕಛೇರಿ ಕೊಡುತ್ತಿದ್ದ ಗಾಯಕನೊಬ್ಬ ಮದುವೆಯಾಗಿ ಒಂದು ಕಡೆ ನೆಲೆ ನಿಂತ ಅಂದುಕೊಳ್ಳಿ. ಈಗ ಬೆಳಗ್ಗೆ ಗಿಡಗಳಿಗೆ ನೀರು ಹಾಕುತ್ತಾನೆ. ಒಣಗಿದ ಬಟ್ಟೆ ಮಡಚುತ್ತಾನೆ. ಮಗುವಿನ ಶಾಲೆ ಚೀಲ ರೆಡಿ ಮಾಡುತ್ತಾನೆ. ಇಂಗ್ಲಿಷಿನವರು ಇದನ್ನು ಒಂದೇ ಮಾತಲ್ಲಿ ಮುಗಿಸುತ್ತಾರೆ: ‘ಹಿ ಹ್ಯಾಸ್ ಸೆಟಲ್ಡ್ ಇಂಟು ಡೊಮೆಸ್ಟಿಸಿಟಿ.’ ಅವನು ಬಟ್ಟೆ ಮಡಚುವುದು ಇಲ್ಲಿ ದೊಡ್ಡ ಸುದ್ದಿಯಲ್ಲ. ಅವನ ದಿನಗಳ ಲಯ ಬದಲಾಗಿದೆ, ಬದುಕಿನ ನಡುಮಧ್ಯಕ್ಕೆ ಮನೆ ಬಂದಿದೆ, ಅದಕ್ಕೆ ಅವನು ಒಗ್ಗಿಕೊಂಡಿದ್ದಾನೆ. ಇಷ್ಟೂ ಆ ಒಂದು ಪದದಲ್ಲಿ ಅಡಗಿದೆ.

ಹಾಗಾಗಿ ಮನೆಗೆಲಸಕ್ಕೆ ಈ ಪದ ಬಳಸುವುದಿಲ್ಲ. ಪಾತ್ರೆ ತೊಳೆಯುವುದು, ಗುಡಿಸುವುದು ಎಲ್ಲ ‘ಹೌಸ್‌ವರ್ಕ್’. ಮನೆಯನ್ನು ನಡೆಸುವ ವ್ಯವಸ್ಥೆ ‘ಹೌಸ್‌ಕೀಪಿಂಗ್’. ಒಂದೇ ಸೂರಿನಡಿ ಇರುವ ಮಂದಿ ‘ಹೌಸ್‌ಹೋಲ್ಡ್’. ಡೊಮೆಸ್ಟಿಸಿಟಿ ಇವೆಲ್ಲದರ ಮೇಲೆ ಹರಡಿಕೊಂಡಿರುವ ಒಂದು ವಾತಾವರಣ. ಅದನ್ನು ಮಾಡಲು ಬರುವುದಿಲ್ಲ, ಅದರೊಳಗೆ ಇರಲು ಬರುತ್ತದೆ. ಅದಕ್ಕೇ ಇಂಗ್ಲಿಷ್‌ನಲ್ಲಿ ಇದರ ಜೊತೆ ಬರುವ ಕ್ರಿಯಾಪದಗಳೂ ಅಂಥವೇ: ಅದಕ್ಕೆ ಒಗ್ಗಿಕೊಳ್ಳುತ್ತಾರೆ, ಅದರಲ್ಲಿ ಮುಳುಗುತ್ತಾರೆ, ಅದರಿಂದ ಓಡಿಹೋಗುತ್ತಾರೆ.

ಓಡಿಹೋಗುತ್ತಾರೆ ಅಂದೆ ಅಲ್ವಾ? ಈ ಪದದ ಸ್ವಾರಸ್ಯ ಇರುವುದೇ ಅಲ್ಲಿ. ಅದು ಹೊಗಳಿಕೆಯೋ ತೆಗಳಿಕೆಯೋ ಅಂತ ಬರೀ ಪದ ನೋಡಿ ಹೇಳಲಾಗದು. ಪಕ್ಕದಲ್ಲಿರುವ ವಿಶೇಷಣವನ್ನು ನೋಡಬೇಕು. ‘ಕೋಜಿ ಡೊಮೆಸ್ಟಿಸಿಟಿ’ ಅಂದರೆ ಬೆಚ್ಚಗಿನ ಮನೆ, ನೆಮ್ಮದಿ, ಸಂಜೆಯ ದೀಪ. ‘ಡಲ್ ಡೊಮೆಸ್ಟಿಸಿಟಿ’ ಅಂದರೆ ಅದೇ ಮನೆ, ಅದೇ ದೀಪ, ಆದರೆ ಬೇಸರ. ‘ಸಫೊಕೇಟಿಂಗ್ ಡೊಮೆಸ್ಟಿಸಿಟಿ’ ಅಂದರೆ ಉಸಿರು ಕಟ್ಟುವಷ್ಟು ಹತ್ತಿರ ಬಂದ ಗೋಡೆಗಳು. ಮನೆ ಬದಲಾಗಿಲ್ಲ, ಹೇಳುವವರ ಮನಸ್ಸು ಬದಲಾಗಿದೆ. ವಿಶೇಷಣವೇ ಇಲ್ಲದೆ ಪದ ಒಂಟಿಯಾಗಿ ಬಂದರೆ ಜಾಸ್ತಿ ಹುಷಾರಾಗಿ ಓದಬೇಕು. ಆಗ ಮೇಲೆ ಕೆಳಗಿನ ಸಾಲುಗಳೇ ಅದರ ಬಣ್ಣ ಹೇಳುತ್ತವೆ.

ಪದದ ಬೇರು ಲ್ಯಾಟಿನ್‌ನ ‘ಡೋಮುಸ್’, ಅಂದರೆ ಮನೆ. ಅದರಿಂದ ‘ಡೊಮೆಸ್ಟಿಕುಸ್’, ಮನೆಗೆ ಸೇರಿದ್ದು. ಈ ಬೇರು ನಮಗೂ ದೂರದ್ದಲ್ಲ. ‘ದಂಪತಿ’ ಅನ್ನುವ ಪದ ನಮ್ಮ ಮದುವೆ ಕಾಗದಗಳಲ್ಲೆಲ್ಲ ಇರುತ್ತದಲ್ಲ, ಅದರ ಮೊದಲ ಭಾಗವಾದ ‘ದಂ’ ಕೂಡ ಮನೆಯೇ. ವೇದದ ಭಾಷೆಯಲ್ಲಿ ದಂಪತಿ ಎಂದರೆ ಮನೆಯ ಒಡೆಯ. ದ್ವಿವಚನದಲ್ಲಿ ಬಂದಾಗ ಮನೆಯ ಒಡೆಯ ಒಡತಿ ಇಬ್ಬರೂ. ಸಂಸ್ಕೃತದ ಈ ‘ದಂ’, ಲ್ಯಾಟಿನ್‌ನ ‘ಡೋಮುಸ್’, ಗ್ರೀಕ್‌ನ ‘ಡೊಮೋಸ್’ ಒಂದೇ ತಾಯಿಯ ಮಕ್ಕಳು. ಇನ್ನೂ ಒಂದು ಸಂಗತಿ ನನಗೆ ತುಂಬ ಹಿಡಿಸಿದ್ದು: ಸರ್ವಾಧಿಕಾರಿ ಅನ್ನುವ ಅರ್ಥದ ‘ಡೆಸ್ಪಾಟ್’ ಕೂಡ ಇದೇ ಬಳ್ಳಿಯ ಕಾಯಿ. ಗ್ರೀಕ್‌ನಲ್ಲಿ ಅದರ ಮೂಲಾರ್ಥ ಮನೆಯ ಯಜಮಾನ. ದಂಪತಿ ಮತ್ತು ಡೆಸ್ಪಾಟ್ ಹತ್ತಿರದ ನೆಂಟರು!

‘ಡೊಮೆಸ್ಟಿಕ್’ ಎಂಬ ವಿಶೇಷಣ ಇಂಗ್ಲಿಷ್‌ನಲ್ಲಿ ಮನೆ ದಾಟಿ ದೂರ ಹೋಗಿದೆ. ಡೊಮೆಸ್ಟಿಕ್ ಫ್ಲೈಟ್ ಅಂದಾಗ ದೇಶವೇ ಮನೆ. ಜಿಡಿಪಿಯ ನಡುವಿನ ‘ಡಿ’ ಕೂಡ ಅದೇ. ಸಾಕುಪ್ರಾಣಿಗೂ ಅದೇ ಮಾತು. ಬ್ರಿಟನ್ನಿನಲ್ಲಿ ‘ಎ ಡೊಮೆಸ್ಟಿಕ್’ ಅಂದರೆ ಗಂಡ ಹೆಂಡತಿಯ ಜಗಳ ಅಂತಲೂ ಅರ್ಥ. ಡೊಮೆಸ್ಟಿಸಿಟಿ ಮಾತ್ರ ಮನೆಯ ಹೊಸ್ತಿಲು ಬಿಟ್ಟು ಕದಲುವುದಿಲ್ಲ. ದೇಶದ ಒಳಗಿನ ವ್ಯವಹಾರಕ್ಕೆ ಯಾರೂ ಅದನ್ನು ಬಳಸುವುದಿಲ್ಲ. ಪ್ರಾಣಿಗಳನ್ನು ಪಳಗಿಸುವುದಕ್ಕೆ ‘ಡೊಮೆಸ್ಟಿಕೇಶನ್’ ಎಂಬ ಬೇರೆ ಪದವೇ ಇದೆ. ಇವೆರಡನ್ನು ಬೆರೆಸಿಬಿಡುವುದು ಸುಲಭ, ಗಮನ ಇರಲಿ.

ಪದ 18ನೇ ಶತಮಾನದ್ದಾದರೂ ಅದಕ್ಕೆ ಈಗಿನ ಭಾರ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಬಹಳ ಜನರಿಗೆ ಮನೆಯೇ ದುಡಿಯುವ ಜಾಗ. ನೇಕಾರನ ಮಗ್ಗ ಮನೆಯೊಳಗೇ ಇತ್ತು. ಕಾರ್ಖಾನೆ, ಕಚೇರಿಗಳು ಬಂದು ದುಡಿಮೆ ಹೊರಗೆ ಹೋಯಿತು. ಆಗ ಮನೆ ಅನ್ನುವುದು ಹೊರಗಿನ ಗದ್ದಲಕ್ಕೆ ಎದುರಾದ ಬೇರೆ ಲೋಕವಾಯಿತು. ಆ ಲೋಕವನ್ನು ಹೆಣ್ಣಿನ ಕೈಗೆ ಕೊಟ್ಟರು. ಕೊಟ್ಟರು ಅನ್ನುವುದಕ್ಕಿಂತ ಅವಳನ್ನು ಅದರೊಳಗೆ ಇಟ್ಟರು ಅನ್ನುವುದೇ ಸರಿ. ಅಮೆರಿಕದ ಇತಿಹಾಸಕಾರ್ತಿ ಬಾರ್ಬರಾ ವೆಲ್ಟರ್ 1966ರಲ್ಲಿ ಒಂದು ಪ್ರಬಂಧ ಬರೆದರು. 1820ರಿಂದ 1860ರವರೆಗಿನ ಮಹಿಳಾ ಪತ್ರಿಕೆಗಳು, ಧಾರ್ಮಿಕ ಪುಸ್ತಕಗಳು ‘ನಿಜವಾದ ಹೆಣ್ಣು’ ಹೇಗಿರಬೇಕು ಎಂದು ಹೇಳಿದ್ದನ್ನು ಅವರು ಅಲ್ಲಿ ಬಿಡಿಸಿಟ್ಟರು. ದೈವಭಕ್ತಿ, ಪಾವಿತ್ರ್ಯ, ವಿಧೇಯತೆ, ನಾಲ್ಕನೆಯದು ಡೊಮೆಸ್ಟಿಸಿಟಿ. ಈ ಆದರ್ಶಕ್ಕೆ ‘ಕಲ್ಟ್ ಆಫ್ ಡೊಮೆಸ್ಟಿಸಿಟಿ’ ಎಂಬ ಹೆಸರೂ ನಿಂತಿತು.

ಇಂದಿಗೂ ಹೆಣ್ಣಿನ ಬಗ್ಗೆ ಈ ಪದ ಬಂದರೆ ಆ ಹಳೆಯ ನೆರಳು ಹಿಂದೆ ಇರುತ್ತದೆ. ಗಂಡಸಿನ ಬಗ್ಗೆ ಬಂದರೆ ಹೆಚ್ಚಾಗಿ ‘ಅಲೆದಾಟ ನಿಲ್ಲಿಸಿದ’ ಎಂಬ ಅರ್ಥ, ಮೆಚ್ಚುಗೆಯದೋ ಅಚ್ಚರಿಯದೋ ಧ್ವನಿ. ಹೆಣ್ಣಿನ ವಿಷಯದಲ್ಲಿ ‘ಅಲ್ಲೇ ಉಳಿದಳು’ ಅನ್ನುವ ಅರ್ಥ ನುಸುಳುತ್ತದೆ. ಒಂದೇ ಪದಕ್ಕೆ ಎರಡು ತಕ್ಕಡಿ. ಇದು ನ್ಯಾಯವಲ್ಲ ಎಂದೇ ನನ್ನ ಅನಿಸಿಕೆ. ಓದುವಾಗ ಇದನ್ನು ಗುರುತಿಸದೆ ಹೋದರೆ ಬರೆದವರ ಅರ್ಧ ಮಾತು ನಮಗೆ ಕೇಳಿಸುವುದೇ ಇಲ್ಲ.

ಇದು ಹೆಚ್ಚಾಗಿ ಬರಹದ ಪದ. ಸುಮ್ನೆ ಮಾತಾಡುವಾಗ ಇಂಗ್ಲಿಷಿನವರೂ ‘ಹೋಮ್ ಲೈಫ್’ ಅಂತಲೋ ‘ಸೆಟಲ್ ಆಗಿದ್ದಾನೆ’ ಅಂತಲೋ ಹೇಳಿ ಮುಗಿಸುತ್ತಾರೆ. ಉಚ್ಚಾರದಲ್ಲಿ ಒಂದು ಸಣ್ಣ ತಿರುವಿದೆ. ಡೊಮೆಸ್ಟಿಕ್ ಅನ್ನುವಾಗ ಒತ್ತು ‘ಮೆಸ್’ ಮೇಲೆ. ಡೊಮೆಸ್ಟಿಸಿಟಿಯಲ್ಲಿ ಅದು ‘ಟಿಸ್’ಗೆ ಜಾರುತ್ತದೆ, ಎಲೆಕ್ಟ್ರಿಕ್ ಹೋಗಿ ಎಲೆಕ್ಟ್ರಿಸಿಟಿ ಆದ ಹಾಗೆ.

ಕನ್ನಡದಲ್ಲಿ ಏನನ್ನೋಣ? ಕಟ್ಟಿನಲ್ಲಿ ಇದಕ್ಕೆ ಸರಿಸಾಟಿ ‘ಮನೆತನ’. ಅಲ್ಲಿಯೂ ಮನೆ, ಇಲ್ಲಿಯೂ ಮನೆ, ಕೊನೆಗೆ ಗುಣ ಹೇಳುವ ಪ್ರತ್ಯಯ. ಆದರೆ ನಮ್ಮ ಮನೆತನ ವಂಶದ ಕಡೆ ನಡೆದುಬಿಟ್ಟಿದೆ. ‘ಸಂಸಾರ’ ಹತ್ತಿರ ಬರುತ್ತದೆ. ಗಾಯಕನ ವಿಷಯದಲ್ಲಿ ‘ಅವನೀಗ ಸಂಸಾರಸ್ಥ’ ಅಂದರೆ ಸಾಕು, ಎಲ್ಲ ಬಂತು. ಉಸಿರು ಕಟ್ಟುವ ಕಡೆ ‘ಸಂಸಾರದ ಜಂಜಾಟ’ ಸರಿಹೋಗುತ್ತದೆ. ಒಬ್ಬರೇ ಇರುವವರ ಅಚ್ಚುಕಟ್ಟಾದ ಮನೆಯ ಸುಖಕ್ಕೆ ಮಾತ್ರ ಸಂಸಾರ ಹೊಂದುವುದಿಲ್ಲ. ಆದರೆ ಅದೂ ಡೊಮೆಸ್ಟಿಸಿಟಿಯೇ.

ಕಲೆಯ ಬಗ್ಗೆ ಬರೆಯುವವರು ಈ ಪದವನ್ನು ಬಹಳ ಪ್ರೀತಿಯಿಂದ ಬಳಸುತ್ತಾರೆ. 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಒಂದು ಚಿತ್ರ ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಕಿಟಕಿಯಿಂದ ಬೆಳಕು ಬೀಳುತ್ತಿದೆ. ಕೆಲಸದ ಹೆಂಗಸೊಬ್ಬಳು ಹೂಜಿಯಿಂದ ಹಾಲು ಸುರಿಯುತ್ತಿದ್ದಾಳೆ, ಅಷ್ಟೇ. ಇಂಥ ಚಿತ್ರಗಳಿಗೆ ‘ಕ್ವಯಟ್ ಡೊಮೆಸ್ಟಿಸಿಟಿ’ ಅನ್ನುತ್ತಾರೆ. ನಾನಾದರೆ ಇಲ್ಲಿ ಸಂಸಾರವನ್ನೂ ಗೃಹಜೀವನವನ್ನೂ ಬಿಟ್ಟು, ‘ಮನೆಯೊಳಗಿನ ಒಂದು ಶಾಂತ ಗಳಿಗೆ’ ಎಂದು ಬರೆಯುತ್ತೇನೆ.