ಸ್ಪ್ರಾಕೆಟ್ ಕೊಳ್ಳುವ ಮುನ್ನ ಚೈನನ್ನು ಅಳೆಯಿರಿ

ಬಿಡಿಭಾಗದ ಅಂಗಡಿಗೆ ಹೋಗಿ ‘ಒಂದು ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಕೊಡಿ’ ಎಂದರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ಹಲ್ಲು ಸರ್?’ ಹಲ್ಲು ಎಣಿಸುವುದು ಸುಲಭ, ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಕೆಲವರು ಹಳೇದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ‘ಇಂಥದ್ದೇ ಇನ್ನೊಂದು’ ಎನ್ನುತ್ತಾರೆ. ನನ್ನ ಕೇಳಿದರೆ ಎರಡೂ ತಲೆಕೆಳಗು. ಸವೆದ ಸ್ಪ್ರಾಕೆಟ್ಟಿನ ಹಲ್ಲು ತೆಳುವಾಗಿರುತ್ತದೆ, ಹಲ್ಲುಗಳ ನಡುವಿನ ಹಳ್ಳ ಅಗಲವಾಗಿರುತ್ತದೆ. ಅದಕ್ಕೆ ವರ್ನಿಯರ್ (ಅಳತೆಯ ಇಕ್ಕಳ) ಹಿಡಿದು ಸಿಗುವ ಅಳತೆಯನ್ನು ನಂಬುವ ಹಾಗಿಲ್ಲ. ಮೊದಲು ಅಳೆಯಬೇಕಾದದ್ದು ಚೈನನ್ನು, ಆಮೇಲೆ ಶಾಫ್ಟನ್ನು, ಅಂದರೆ ಸ್ಪ್ರಾಕೆಟ್ ಕೂರುವ ದಂಡವನ್ನು. ಹಲ್ಲಿನ ಲೆಕ್ಕ ಕೊನೆಗೆ. ಅದೂ ಹಳೆಯದರಲ್ಲಿ ಇದ್ದಷ್ಟೇ ಇರಬೇಕೆಂದೇನೂ ಇಲ್ಲ.

ಸೈಕಲ್, ಬೈಕು, ಸಣ್ಣ ಪುಟ್ಟ ಯಂತ್ರಗಳಲ್ಲಿ ಓಡುವ ರೋಲರ್ ಚೈನಿನ ಮೂಲ ಇಂಗ್ಲೆಂಡಿನದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಪಿನ್ನಿನ ಮೇಲೆ ಬುಶ್ ಎಂಬ ಪುಟ್ಟ ಕೊಳವೆ, ಬುಶ್ಶಿನ ಮೇಲೆ ಸಲೀಸಾಗಿ ತಿರುಗುವ ರೋಲರ್. ಇಷ್ಟೇ ಉಪಾಯ. ಅಲ್ಲಿಂದ ಬಂದ ಇಂಚು ಇನ್ನೂ ಹೋಗಿಲ್ಲ. ನಾವು ಮಿಲಿಮೀಟರಿನಲ್ಲಿ ಅಳೆದರೂ ಸಿಗುವುದು 6.35, 9.525, 12.7 ಎಂಬ ವಿಚಿತ್ರ ಸಂಖ್ಯೆಗಳು. ಅವು ಕಾಲು ಇಂಚು, ಮುಕ್ಕಾಲು ಇಂಚಿನ ಅರ್ಧ ಮತ್ತು ಅರ್ಧ ಇಂಚು.

ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ದೂರವೇ ಪಿಚ್. ಒಂದೇ ಕೊಂಡಿಯನ್ನು ಅಳೆದರೆ ತಪ್ಪು ಬರುತ್ತದೆ. ಚೈನನ್ನು ಎಳೆದು ನೇರವಾಗಿ ಹಿಡಿದು, ಒಂದನೇ ಪಿನ್ನಿನಿಂದ ಹನ್ನೊಂದನೇ ಪಿನ್ನಿನವರೆಗೆ ಸ್ಕೇಲ್ ಇಡಿ. ಅರ್ಧ ಇಂಚಿನ ಹೊಸ ಚೈನಿನಲ್ಲಿ 127 ಮಿ.ಮೀ. ಬರುತ್ತದೆ. 130 ಬಂದರೆ ಆ ಚೈನಿನ ಕಥೆ ಮುಗಿದಂತೆ. ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟು ಉದ್ದವಾದಾಗ ಬದಲಿಸುತ್ತಾರೆ, ಮೂರು ದಾಟಲು ಯಾರೂ ಬಿಡಬಾರದು. ಇದನ್ನು ‘ಚೈನ್ ಎಳೆದುಕೊಂಡಿದೆ’ ಎನ್ನುತ್ತೇವೆ. ಉಕ್ಕಿನ ಪಟ್ಟಿ ಹಿಗ್ಗಿರುವುದಿಲ್ಲ. ಒಳಗೆ ಪಿನ್ನೂ ಬುಶ್ಶೂ ಉಜ್ಜಿ ಸವೆದಿರುತ್ತವೆ, ಒಂದೊಂದು ಕೀಲಿನಲ್ಲೂ ಚೂರು ಚೂರು ಸಡಿಲ ಸೇರಿ ಉದ್ದ ಜಾಸ್ತಿಯಾಗಿರುತ್ತದೆ. ಇಂಥ ಚೈನು ಹಲ್ಲಿನ ಬುಡದಲ್ಲಿ ಕೂರುವುದಿಲ್ಲ, ಮೇಲೇರಿ ಕೂರುತ್ತದೆ, ಹಲ್ಲನ್ನು ಕೊಕ್ಕೆಯಂತೆ ತಿನ್ನುತ್ತದೆ. ಹೊಸ ಸ್ಪ್ರಾಕೆಟ್ಟಿಗೆ ಹಳೇ ಚೈನು ಹಾಕಿ ದುಡ್ಡು ಉಳಿಸಿದೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಪಿಚ್ ಗೊತ್ತಾಯಿತು ಎಂದು ಅಲ್ಲಿಗೇ ನಿಲ್ಲಿಸುವಂತಿಲ್ಲ. ಮೋಸ ಹೋಗುವುದು ಇಲ್ಲೇ. ಸೈಕಲ್ ಚೈನ್, 40ನೇ ನಂಬರ್, 41, 08ಬಿ, ಬೈಕಿನ 428 ಎಲ್ಲದರ ಪಿಚ್ಚೂ 12.7 ಮಿ.ಮೀ.ಯೇ. ಮೇಜಿನ ಮೇಲೆ ಪಕ್ಕಪಕ್ಕ ಹಾಸಿದರೆ ಪಿನ್ನುಗಳು ಸಾಲಾಗಿ ನಿಲ್ಲುತ್ತವೆ. ಆದರೆ ರೋಲರಿನ ದಪ್ಪ ನೋಡಿ: ಸೈಕಲ್ಲಿನದು ಸುಮಾರು 7.75 ಮಿ.ಮೀ., 40ರದ್ದು 7.92, 08ಬಿ ಮತ್ತು 428ರದ್ದು 8.51. ಸಣ್ಣ ರೋಲರಿಗೆ ಕಡೆದ ಹಳ್ಳದಲ್ಲಿ 8.51ರ ರೋಲರ್ ತಳ ಮುಟ್ಟುವುದೇ ಇಲ್ಲ. ಹೊಸದಾಗಿದ್ದರೂ ಸವೆದ ಚೈನಿನಂತೆ ಮೇಲೇ ಓಡುತ್ತದೆ. ಅಗಲದಲ್ಲೂ ವ್ಯತ್ಯಾಸವಿದೆ. ಗೇರಿಲ್ಲದ ಸೈಕಲ್ಲಿನ ಚೈನಿನ ಒಳ ಅಗಲ 3 ಮಿ.ಮೀ. ಆಸುಪಾಸು, 08ಬಿಯದ್ದು 7.75. ಅದಕ್ಕೆ ಪಿಚ್, ರೋಲರಿನ ದಪ್ಪ, ಒಳ ಅಗಲ, ಮೂರನ್ನೂ ಬರೆದುಕೊಂಡೇ ಅಂಗಡಿಗೆ ಹೋಗಬೇಕು. 40, 41ರಂಥ ಅಮೆರಿಕದ ನಂಬರುಗಳಲ್ಲಿ ಒಂದು ಸುಳಿವೂ ಇದೆ. ಮೊದಲ ಅಂಕಿ ಪಿಚ್ ಒಂದು ಇಂಚಿನ ಎಂಟನೇ ಭಾಗಗಳಲ್ಲಿ ಎಷ್ಟು ಎಂದು ಹೇಳುತ್ತದೆ. ಕೊನೆಯ ಅಂಕಿ 0 ಇದ್ದರೆ ಮಾಮೂಲಿ, 1 ಇದ್ದರೆ ಕಡಿಮೆ ಅಗಲದ್ದು, 5 ಇದ್ದರೆ ರೋಲರೇ ಇಲ್ಲ, ಬರೀ ಬುಶ್. 25ನೇ ನಂಬರಿನ ಪುಟ್ಟ ಚೈನು ಹೆಸರಿಗೆ ಮಾತ್ರ ರೋಲರ್ ಚೈನು.

ಇನ್ನು ಉಕ್ಕು. ಎಮ್‌ಎಸ್ (ಮೆದು ಉಕ್ಕಿನ) ಪ್ಲೇಟಿನಲ್ಲಿ ಕತ್ತರಿಸಿದ ಸ್ಪ್ರಾಕೆಟ್ಟು ಅಗ್ಗ, ನೋಡಲೂ ಹೊಳೆಯುತ್ತದೆ. ಆದರೆ ಅದರಲ್ಲಿ ಇಂಗಾಲ ಕಡಿಮೆ, ಕಾಯಿಸಿ ನೀರಿಗದ್ದಿದರೂ ಗಟ್ಟಿಯಾಗುವುದು ಅಷ್ಟಕ್ಕಷ್ಟೇ. ವರ್ಕ್‌ಶಾಪುಗಳಲ್ಲಿ ಇಎನ್ 8, ಸಿ 45 ಎಂದು ಕರೆಯುವ ಉಕ್ಕಿನಲ್ಲಿ ಇಂಗಾಲ ಶೇ. 0.4ರ ಸುತ್ತಮುತ್ತ ಇರುತ್ತದೆ. ಅದರ ಹಲ್ಲುಗಳನ್ನಷ್ಟೇ ವಿದ್ಯುತ್ ಸುರುಳಿಯಲ್ಲಿ ಕೆಂಪಗೆ ಕಾಯಿಸಿ ತಟ್ಟನೆ ತಣಿಸುತ್ತಾರೆ. ಹಲ್ಲು ಗಟ್ಟಿ, ನಡುಭಾಗ ಮೆತ್ತಗೆ. ಹಾಗಿದ್ದರೇ ಒಳ್ಳೆಯದು, ಬೋರ್ (ನಡುವಿನ ತೂತು) ದೊಡ್ಡದು ಮಾಡಿಸಲು, ಕೀವೇ (ಶಾಫ್ಟಿಗೆ ಬಿಗಿಯುವ ಬೆಣೆ ಕೂರುವ ಸೀಳು) ಕೊರೆಸಲು ಲೇತಿನವರಿಗೆ ಮೆತ್ತನೆಯ ನಡುಭಾಗವೇ ಬೇಕು. ಅಂಗಡಿಯಲ್ಲೇ ಪರೀಕ್ಷಿಸಬಹುದು. ಹಲ್ಲಿನ ಪಕ್ಕಕ್ಕೆ ಅರವನ್ನು (ಫೈಲ್) ಮೆಲ್ಲಗೆ ಒತ್ತಿ ಎಳೆಯಿರಿ. ಕಚ್ಚಿ ಪುಡಿ ಉದುರಿದರೆ ಮೆತ್ತನೆಯದು, ಕಿರ್ರೆಂದು ಜಾರಿದರೆ ಗಟ್ಟಿ ಮಾಡಿದ್ದು. (ಅಂಗಡಿಯವರ ಮುಖ ಸ್ವಲ್ಪ ಗಂಟಾದೀತು. ಪರವಾಗಿಲ್ಲ.) ದೊಡ್ಡ ಚಕ್ರ ನಿಧಾನ ತಿರುಗುತ್ತದೆ, ಕೆಲಸ ಹೆಚ್ಚು ಹಲ್ಲುಗಳಿಗೆ ಹಂಚಿಹೋಗುತ್ತದೆ, ಅದು ಮೆತ್ತಗಿದ್ದರೂ ನಡೆದೀತು. ಚಿಕ್ಕದರಲ್ಲಿ ಮಾತ್ರ ರಾಜಿ ಬೇಡ.

ಚಿಕ್ಕದರ ಪಾಡು ಎಂಥದ್ದು ಎಂಬುದಕ್ಕೆ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಮಾಡುವ ಎಲೆಕ್ಟ್ರಿಕ್ ಸೈಕಲ್ ನೋಡಿ. ಗೇರ್ ಮೋಟಾರಿನ ಮೂತಿಗೆ 9 ಹಲ್ಲಿನ ಸ್ಪ್ರಾಕೆಟ್, ಅದಕ್ಕೆ ಸೈಕಲ್ ಚೈನ್. ಚೈನಿನ ಕಣ್ಣಿಗೆ ಅದು ಚಕ್ರವೇ ಅಲ್ಲ, ಒಂಬತ್ತು ಮೂಲೆಯ ಬಂಡಿಗಾಲಿ. ಮೂಲೆ ಮೇಲೆ ಬಂದಾಗ ಚೈನು ಜೋರಾಗಿ ಓಡುತ್ತದೆ, ಮಟ್ಟಸವಾದ ಅಂಚು ಮೇಲೆ ಬಂದಾಗ ನಿಧಾನ. ಮೋಟಾರು ಒಂದೇ ಸಮನೆ ತಿರುಗಿದರೂ 9 ಹಲ್ಲಿನಲ್ಲಿ ಚೈನಿನ ವೇಗ ಶೇ. 6ರಷ್ಟು ಏರಿಳಿಯುತ್ತದೆ. 11 ಹಲ್ಲಾದರೆ ಶೇ. 4, 17 ಆದರೆ ಶೇ. 1.7 ಮಾತ್ರ. ಆ ಗರಗರ ಸದ್ದಿಗೂ ಅದುರುವಿಕೆಗೂ ಒಂದು ಕಾರಣ ಇದೇ. ಇನ್ನೊಂದು ಪೆಟ್ಟು ಕೀಲಿಗೆ. 9 ಹಲ್ಲನ್ನು ಸುತ್ತುವಾಗ ಒಂದೊಂದು ಕೀಲೂ 40 ಡಿಗ್ರಿ ಮಡಚಬೇಕು, 17ರಲ್ಲಿ 21 ಸಾಕು. ಜಾಸ್ತಿ ಮಡಚಿದಷ್ಟೂ ಪಿನ್ನು ಬುಶ್ಶಿನೊಳಗೆ ಜಾಸ್ತಿ ಉಜ್ಜುತ್ತದೆ. ಅಂದರೆ ಚೈನು ಬೇಗ ಉದ್ದವಾಗುವುದು ಚಿಕ್ಕ ಸ್ಪ್ರಾಕೆಟ್ಟಿನಿಂದಲೇ.

ಶಾಫ್ಟಿನ ಕಡೆಯಿಂದಲೂ ಇದೇ ಮಾತು ಬರುತ್ತದೆ. 40ನೇ ನಂಬರ್ ಚೈನಿಗೆ 9 ಹಲ್ಲಿನ ಸ್ಪ್ರಾಕೆಟ್ಟನ್ನು 20 ಮಿ.ಮೀ. ಶಾಫ್ಟಿಗೆ ಕೂರಿಸಬೇಕು ಅಂದುಕೊಳ್ಳಿ. ಹಳ್ಳದ ತಳ ನಡುಬಿಂದುವಿನಿಂದ 14.6 ಮಿ.ಮೀ. ದೂರದಲ್ಲಿದೆ. ಶಾಫ್ಟಿಗೆ 10 ಹೋಯಿತು, ಕೀವೇಗೆ ಇನ್ನೊಂದು 2.8. ಉಳಿದ ಉಕ್ಕು 1.8 ಮಿ.ಮೀ.! ಲೋಡ್ ಬಿದ್ದ ದಿನ ಸೀಳುವುದು ಅಲ್ಲೇ. ಅದಕ್ಕೇ ಕೀವೇಯನ್ನು ಹಳ್ಳದ ಕೆಳಗಲ್ಲ, ಹಲ್ಲಿನ ನೇರಕ್ಕೆ ಕೊರೆಯುವುದು ರೂಢಿ. 11 ಹಲ್ಲಾದರೆ ಅದೇ ಜಾಗದಲ್ಲಿ 5.8 ಮಿ.ಮೀ. ಸಿಗುತ್ತದೆ. ಬರೀ ಎರಡು ಹಲ್ಲು, ಮೂರು ಪಟ್ಟು ಗೋಡೆ. ಅಂದ ಹಾಗೆ ಶಾಫ್ಟ್ ಇಂಚಿನದೋ ಮಿಲಿಮೀಟರಿನದೋ ಖಾತ್ರಿ ಮಾಡಿಕೊಳ್ಳಿ. ಮುಕ್ಕಾಲು ಇಂಚಿನ ಶಾಫ್ಟ್ 19.05, 20ರ ಬೋರಿನಲ್ಲಿ ಸುಮ್ನೆ ಓಲಾಡುತ್ತದೆ.

ಹಾಗಾದರೆ 9 ತೆಗೆದು 11 ಹಾಕಿಬಿಡೋಣ, ಅಲ್ವಾ? ಮುಂದಿನದನ್ನಷ್ಟೇ ಬದಲಿಸಿದರೆ ಸೈಕಲ್ ಓಟ ಹೆಚ್ಚುತ್ತದೆ, ಆದರೆ ಏರಿನಲ್ಲಿ ಮೋಟಾರು ಏದುಸಿರು ಬಿಡುತ್ತದೆ. ಹಿಂದೆ 18 ಇದ್ದರೆ ಅದನ್ನೂ 22 ಮಾಡಬೇಕು. ಆಗ ಚೈನಿಗೆ ಸುಮಾರು ಮೂರು ಪಿಚ್ ಉದ್ದ ಜಾಸ್ತಿ ಬೇಕು. ಮೂರು ಹಾಕಿದರೆ ಕೊಂಡಿಗಳು ಬೆಸವಾಗಿ ಅರೆಕೊಂಡಿ (ಒಂದು ತುದಿ ಅಗಲ, ಇನ್ನೊಂದು ಕಿರಿದಾದ ಕೊಂಡಿ) ಹಾಕಬೇಕಾಗುತ್ತದೆ, ಅದು ಚೈನಿನಲ್ಲೇ ದುರ್ಬಲವಾದ ಜಾಗ. ನಾಲ್ಕೇ ಹಾಕಿ, ಮೋಟಾರನ್ನು ಹಿಂದಿನ ಸ್ಪ್ರಾಕೆಟ್ಟಿನಿಂದ ಆರು ಮಿ.ಮೀ.ನಷ್ಟು ದೂರಕ್ಕೆ ಸರಿಸಿ ಬೋಲ್ಟ್ ಬಿಗಿಯಿರಿ. ಪ್ಲೇಟಿನಲ್ಲಿ ಅಷ್ಟು ಉದ್ದದ ತೂತು ಇಲ್ಲದಿದ್ದರೆ, ಸ್ಪ್ರಾಕೆಟ್ ಕೊಳ್ಳುವ ಮುಂಚೆಯೇ ಮಾಡಿಸಿಕೊಳ್ಳಿ.